ಸದನ ನಡೆಯುವ ದಿನವೇ ರಾಜಧಾನಿ ನೋಡಬೇಕು

ರಾಜಧಾನಿಯನ್ನು ರಜೆಯ ದಿನ ತೋರಿಸಬಾರದು. ಪ್ರವಾಸ ನಡೆಸುವ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವ ಮೊದಲ ಮಾತು ಇದು. ಭಾನುವಾರ ಬೆಂಗಳೂರಿಗೆ ಹೋದರೆ ರಸ್ತೆ ಖಾಲಿ ಇರುತ್ತದೆ, ಬಸ್ಸು ನಿಲ್ಲಿಸಲು ಜಾಗ ಸಿಗುತ್ತದೆ, ಎಲ್ಲ ಸರಿ. ಆದರೆ ಅವತ್ತು ನೀವು ತೋರಿಸುವುದು ಬರೀ ಕಟ್ಟಡಗಳನ್ನು. ಮದುವೆ ಮುಗಿದ ಮಾರನೇ ದಿನ ಛತ್ರ ನೋಡಲು ಹೋದ ಹಾಗೆ. ಹೈಕೋರ್ಟಿನ ಕೆಂಪು ಕಟ್ಟಡದ ಮುಂದೆ ಕರಿ ಕೋಟುಗಳು ಓಡಾಡುತ್ತಿರಬೇಕು, ವಿಧಾನಸೌಧದ ಸುತ್ತ ಕಡತ ಹಿಡಿದವರು, ಅರ್ಜಿ ಹಿಡಿದವರು ಬೆವರುತ್ತಿರಬೇಕು, ಒಳಗೆ ಸದನ ನಡೆಯುತ್ತಿರಬೇಕು. ಆಗ ಮಾತ್ರ ನೋಡಿದವನಿಗೆ ಇದು ರಾಜಧಾನಿ ಎಂದು ಗೊತ್ತಾಗುತ್ತದೆ.

ನಾನು ಯಲ್ಲಾಪುರದವನು. ಶಿರಸಿಯ ಒಂದು ಸಣ್ಣ ಪ್ರವಾಸ ಕಚೇರಿಯಲ್ಲಿ ದುಡಿದು ನಿವೃತ್ತನಾದೆ. ನನ್ನ ಕೆಲಸಕ್ಕೆ 'ಮ್ಯಾನೇಜರ್' ಎಂಬ ದೊಡ್ಡ ಹೆಸರಿತ್ತು. ನಿಜವಾಗಿ ಅದು ಬಸ್ಸಿನ ಬಾಗಿಲ ಪಕ್ಕದ ಸೀಟಿನಲ್ಲಿ ಕೂತು, ಯಾರಿಗೆ ಘಟ್ಟದ ತಿರುವಿನಲ್ಲಿ ವಾಂತಿ ಬರುತ್ತದೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಈರುಳ್ಳಿ ಮುಟ್ಟುವುದಿಲ್ಲ ಎಂದು ನೆನಪಿಟ್ಟುಕೊಳ್ಳುವ ಕೆಲಸ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನರನ್ನು ಕಟ್ಟಿಕೊಂಡು ಕಾಶಿ, ರಾಮೇಶ್ವರ ಎಲ್ಲ ಸುತ್ತಿದ್ದೇನೆ. ಆದರೆ ಅತಿ ಹೆಚ್ಚು ಸಲ ಹೋಗಿದ್ದು ಬೆಂಗಳೂರಿಗೆ. ನಮ್ಮ ಕಚೇರಿಯ ಬೋರ್ಡಿನಲ್ಲಿ ಅದಕ್ಕೆ 'ರಾಜಧಾನಿ ದರ್ಶನ' ಎಂದು ಬರೆದಿತ್ತು.

ಕಚೇರಿಯ ಮಾಲೀಕರನ್ನು ನಾವೆಲ್ಲ ಶಾನಭಾಗ ಮಾಮ ಎನ್ನುತ್ತಿದ್ದೆವು. ಕೊಂಕಣಿ ಮನೆಮಾತಿನ, ಬಿಳಿ ಪಂಚೆಯ, ಮಾತು ಕಮ್ಮಿಯ ಮನುಷ್ಯ. ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡ ದಿನ ಅವರು ಕೊಟ್ಟ ತರಬೇತಿ ಇಷ್ಟೇ:

"ನೋಡು ಮಂಜಾ, ದೇವ್ರು, ಊಟ, ಮೂತ್ರ. ಈ ಮೂರಕ್ಕೆ ಯಾರು ಕೇಳಿದ್ರೂ ಬಸ್ಸು ನಿಲ್ಸು. ರಾಜಕೀಯಕ್ಕೆ ಮಾತ್ರ ನಿಲ್ಸಬೇಡ. ಬಸ್ಸಲ್ಲಿ ರಾಜಕೀಯ ಶುರು ಆಯ್ತು ಅಂದ್ರೆ ಭಜನೆ ಹಾಕಿಬಿಡು."

ಬಹಳ ಕಾಲ ನಾನು ಅವರ ಮಾತಿನಂತೆ ನಡೆದೆ. ಹಾವೇರಿ ದಾಟುವಷ್ಟರಲ್ಲಿ ಯಾರಾದರೂ ಒಬ್ಬರು ಜಿಲ್ಲಾಕೇಂದ್ರ ಕಾರವಾರ ದೂರ, ಶಿರಸಿ ಪ್ರತ್ಯೇಕ ಜಿಲ್ಲೆ ಆಗಬೇಕು ಎಂದು ಎತ್ತುತ್ತಿದ್ದರು. ಸಿದ್ದಾಪುರದವರು "ಆದ್ರೆ ನಮಗೆ ಎಂತ ಲಾಭ?" ಎನ್ನುತ್ತಿದ್ದರು. ಯಲ್ಲಾಪುರದವರು "ಕಚೇರಿ ಎಲ್ಲ ಶಿರಸಿಗೇ ಹೋಗ್ತದೆ, ನಮಗೆ ಕಾರವಾರ ಆದ್ರೇನು ಶಿರಸಿ ಆದ್ರೇನು" ಎನ್ನುತ್ತಿದ್ದರು. ಇನ್ನೂ ಹುಟ್ಟದ ಜಿಲ್ಲೆಯ ಕಚೇರಿ ಎಲ್ಲಿರಬೇಕು ಎಂದು ಜಗಳವಾಗುತ್ತಿತ್ತು. ನಾನು ಭಜನೆ ಹಾಕುತ್ತಿದ್ದೆ. ಚಿತ್ರದುರ್ಗದ ಹೊತ್ತಿಗೆ ಎಲ್ಲರಿಗೂ ನಿದ್ದೆ.

ಆಗಿನ ಕೆಲಸದ ರೀತಿಯೇ ಬೇರೆ. ಬಸ್ಸಿನ ಟಾಪಿನ ಮೇಲೆ ಹಂಡೆ, ಕಡಾಯಿ, ಅಕ್ಕಿ ಮೂಟೆ, ಜೊತೆಗೆ ಅಡುಗೆ ಭಟ್ಟರು. ಬೆಂಗಳೂರಿನ ಛತ್ರಕ್ಕೆ ಮೊದಲೇ ಕಾಗದ ಬರೆದು ಕೋಣೆ ಹಿಡಿಯುವುದು, ಮುಟ್ಟಿದ ಮೇಲೆ ಬೂತಿನಿಂದ ಶಿರಸಿಗೆ ಫೋನು ಮಾಡಿ "ಎಲ್ಲರೂ ಆರಾಮ" ಎಂದು ಹೇಳುವುದು. ಮಾಮ ಆ ಮಾತನ್ನು ಕಚೇರಿಯ ಬಾಗಿಲಲ್ಲಿ ನಿಂತ ಮನೆಯವರಿಗೆಲ್ಲ ದಾಟಿಸುತ್ತಿದ್ದರು. ಈಗ ಬಸ್ಸು ತುಮಕೂರಿನಲ್ಲಿ ಪಂಕ್ಚರ್ ಆದರೆ ಮ್ಯಾನೇಜರ್ ಕೆಳಗಿಳಿದು ಚಕ್ರ ನೋಡುವ ಮೊದಲೇ ಅದರ ಫೋಟೋ ಶಿರಸಿ ಪಕ್ಕದ ಹುಲಗೋಳ ಮುಟ್ಟಿರುತ್ತದೆ. ಇದನ್ನು ದೂರುತ್ತಿಲ್ಲ. ಕಳೆದುಹೋದವರನ್ನು ಹುಡುಕುವುದು ಈಗ ಎಷ್ಟೋ ಸುಲಭ. ಆದರೆ ಮೊದಲು ಮೈಕು ಹಿಡಿದು ನಾನು ಹೇಳಿದ್ದನ್ನು ಜನ ಕೇಳುತ್ತಿದ್ದರು. ಈಗ ಎಲ್ಲರ ಕಿವಿಯಲ್ಲೂ ವೈರು. ಹಾಗಾಗಿ ಹೊಸಬರಿಗೆ ನನ್ನ ಸಲಹೆ: ದಾರಿಯುದ್ದಕ್ಕೂ ಮಾತಾಡಬೇಡಿ. ಇಳಿಸಿದ ಮೇಲೆ, ಆ ಜಾಗದ ಮುಂದೆ ನಿಂತು, ಎರಡೇ ಮಾತು ಹೇಳಿ.

ಹತ್ತು ಜಾಗದ ಪಟ್ಟಿ ಹಿಡಿದು ಓಡಿಸಲೂಬೇಡಿ. ಲಾಲ್‌ಬಾಗಿಗೆ ಅರ್ಧ ದಿನ ಕೊಡಿ. ನಮ್ಮ ಕಡೆಯವರಿಗೆ ಗಿಡಮರ ಹೊಸದಲ್ಲ, ಅದಕ್ಕೇ ಅವರು ಒಂದೊಂದು ಗಿಡದ ಮುಂದೆಯೂ ನಿಂತು ವಾದ ಮಾಡುತ್ತಾರೆ. ಗುಂಪಿನಲ್ಲಿ ಯಾರ ಕೈಯಲ್ಲಿ ಚಾಕು ಇದೆ ಎಂದು ಮಾತ್ರ ನೋಡಿಕೊಳ್ಳಿ, ಕಸಿ ಕಟ್ಟಲು ಟೊಂಗೆ ಕತ್ತರಿಸಿ ಚೀಲಕ್ಕೆ ಹಾಕಿಕೊಂಡವರು ಇದ್ದಾರೆ. ಬೆಳಗಿನ ಹೂವಿನ ಮಾರುಕಟ್ಟೆ ತೋರಿಸಿ. ಮಾಲ್ ತೋರಿಸಬೇಡಿ, ಅದನ್ನು ಅವರು ಹುಬ್ಬಳ್ಳಿಯಲ್ಲೇ ನೋಡಿರುತ್ತಾರೆ.

ಬಸ್ಸಿನೊಳಗೆ ರಾಜಕೀಯ ಬರಬಾರದು ಎನ್ನುತ್ತಿದ್ದ ಮಾಮ ಚುನಾವಣೆ ಬಂದಾಗ ಬಸ್ಸನ್ನೇ ರಾಜಕೀಯಕ್ಕೆ ಬಾಡಿಗೆ ಕೊಡುತ್ತಿದ್ದರು. ಇವತ್ತು ಒಂದು ಪಕ್ಷದ ಸಮಾವೇಶ, ನಾಳೆ ಇನ್ನೊಂದರದು. ಒಮ್ಮೆ ನಮ್ಮ ಡ್ರೈವರ್ ಖಾದರ್‌ಭಾಯಿ ಮತ್ತು ನಾನು ಮೊದಲ ದಿನದ ಬ್ಯಾನರನ್ನು ಹಿಂದಿನ ಗಾಜಿನಿಂದ ಬಿಚ್ಚುವುದನ್ನೇ ಮರೆತೆವು. ಮರುದಿನ ಎದುರು ಪಕ್ಷದ ಮೈದಾನಕ್ಕೆ ಅದೇ ಬ್ಯಾನರ್ ಹೊತ್ತು ಬಸ್ಸು ನುಗ್ಗಿತು. ಕಾರ್ಯಕರ್ತರು ಕೂಗಾಡುತ್ತ ಓಡಿ ಬಂದರು. ಖಾದರ್‌ಭಾಯಿ ನಿಧಾನ ಕೆಳಗಿಳಿದು, ಬ್ಯಾನರ್ ಕಿತ್ತು ಮಡಚಿ, ನನ್ನ ಕಿವಿಯಲ್ಲಿ ಹೇಳಿದರು: "ಬ್ಯಾನರ್ ನೋಡಿ ಸಿಟ್ಟು ಮಾಡ್ತಾರಲ್ರಿ ಮಂಜಣ್ಣಾ, ಒಳಗ ಕೂತವರನ್ನ ನೋಡ್ಲಿಲ್ಲ. ಅರ್ಧಕ್ಕರ್ಧ ನಿನ್ನೆ ಮಂದೀನ ಅದಾರ."

ಅವತ್ತಿನಿಂದ ನನಗೆ ರಾಜಕೀಯದ ಬಗ್ಗೆ ಭಯ ಹೋಯಿತು. ಜನರನ್ನು ಸದನದ ಒಳಗೇ ಕರೆದುಕೊಂಡು ಹೋಗಬೇಕು ಎಂಬ ಹಟ ಹುಟ್ಟಿದ್ದೂ ಆಮೇಲೆಯೇ. ಅಲ್ಲಿಯವರೆಗೆ ನಮ್ಮ ದರ್ಶನ ಎಂದರೆ ವಿಧಾನಸೌಧದ ಎದುರಿನ ರಸ್ತೆಯಲ್ಲಿ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುವುದು. ಮಾಮ ಒಪ್ಪಲಿಲ್ಲ.

"ಎಂತ ಮಾರಾಯ, ಅಧಿವೇಶನದ ದಿನ ಪೊಲೀಸ್ರು ಬಸ್ಸೇ ನಿಲ್ಸಲಿಕ್ಕೆ ಬಿಡೂದಿಲ್ಲ. ಜನ ದೇವಸ್ಥಾನ ತೋರ್ಸು ಅಂತಾರೆ, ನೀನು ಜಗಳ ತೋರಿಸ್ತೀಯಾ?"

"ಜಗಳ ಅವರದ್ದಲ್ಲ ಮಾಮ, ನಮ್ಮದೇ. ನಮ್ಮ ಪರವಾಗಿ ಅವರು ಆಡ್ತಾರೆ. ನೋಡಲಿ ಬಿಡಿ."

ಕೊನೆಗೆ ಒಂದು ಸಲ ಮಾಡಿ ನೋಡು ಎಂದರು. ಆ ಮೊದಲ ಸಲ ಕೆಟ್ಟಿತು. ಪಾಸು ಮಾಡಿಸಿ, ಫೋನು ಚೀಲ ಎಲ್ಲ ಹೊರಗೆ ಇರಿಸಿ, ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತಿದ್ದೆವು. ಕೆಳಗೆ ಯಾರೋ ಒಬ್ಬ ಸದಸ್ಯ ಮಲೆನಾಡಿನ ರಸ್ತೆಗಳ ಬಗ್ಗೆ ಚೆನ್ನಾಗಿ ಮಾತಾಡಿದರು. ಯಕ್ಷಗಾನ ನೋಡಿ ಅಭ್ಯಾಸವಿದ್ದ ನಮ್ಮವರು ಜೋರಾಗಿ ಚಪ್ಪಾಳೆ ಹೊಡೆದರು. ಮಾರ್ಷಲ್‌ಗಳು ಬಂದು ಇಡೀ ಸಾಲನ್ನು ಎಬ್ಬಿಸಿ ಹೊರಗೆ ಕಳಿಸಿದರು. ಗ್ಯಾಲರಿಯಲ್ಲಿ ಚಪ್ಪಾಳೆ, ಸನ್ನೆ, ಮಾತು ಯಾವುದೂ ಇಲ್ಲ ಎಂದು ಮುಂಚೆಯೇ ಹೇಳಬೇಕಿತ್ತು. ಮುಂದೆ ಯಾವತ್ತೂ ಹೇಳುವುದನ್ನು ಬಿಟ್ಟಿಲ್ಲ.

ಈಗ ಹೇಳಹೊರಟಿರುವುದು ನಾನು ನಡೆಸಿದ ಪ್ರವಾಸಗಳಲ್ಲೆಲ್ಲ ನನಗೆ ಹೆಚ್ಚು ನೆನಪಿರುವ ಒಂದರ ವಿಷಯ.

ಅದು ಮಹಿಳಾ ಸಂಘದವರ ಪ್ರವಾಸ. ಮೂರೂ ತಾಲೂಕಿನ ಹೆಂಗಸರಿದ್ದರು. ಸೀಟು ಹಂಚುವಾಗ ನನ್ನದೊಂದು ಪದ್ಧತಿ ಇತ್ತು. ಒಂದೇ ಊರಿನವರನ್ನು ಪಕ್ಕಪಕ್ಕ ಕೂರಿಸಿದರೆ ಅವರ ಮಾತು ಅವರಿಗೆ ಸಾಕಾಗುತ್ತದೆ, ನನ್ನ ತಲೆ ತಿನ್ನುವುದಿಲ್ಲ. ಹೆಗಡೆಕಟ್ಟಾ ಕಡೆಯ ಒಂದು ಊರಿನಿಂದ ಇಬ್ಬರು ಬಂದಿದ್ದರು. ಶಾರದಕ್ಕ ಮತ್ತು ಜಯಕ್ಕ. ಸ್ವಂತ ಅಕ್ಕ ತಂಗಿ, ಒಂದೇ ಊರಿನ ಎರಡು ಮನೆಗೆ ಸೊಸೆಯಾಗಿ ಹೋದವರು. ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿದೆ ಎಂದು ಒಂದೇ ಸೀಟು ಕೊಟ್ಟೆ.

ಬೆಳಿಗ್ಗೆ ಶಿರಸಿಯಲ್ಲಿ ಬಸ್ಸು ಹತ್ತಿದ ಶಾರದಕ್ಕ ತಮ್ಮ ಸೀಟಿನ ತನಕ ಬಂದು, ಕಿಟಕಿ ಪಕ್ಕ ಕೂತ ತಂಗಿಯನ್ನು ನೋಡಿದವರೇ ನಿಂತುಬಿಟ್ಟರು. ನನ್ನ ಕಡೆ ತಿರುಗಿ, "ಮಂಜಣ್ಣ, ನನಗೆ ಬೇರೆ ಸೀಟು ಕೊಡಿ. ಇಲ್ಲದಿದ್ರೆ ಇಲ್ಲೇ ಇಳೀತೆ" ಎಂದರು. ಜಯಕ್ಕ ಕಿಟಕಿಯ ಹೊರಗೆ ನೋಡುತ್ತ ಕೂತೇ ಇದ್ದರು.

ಶಾರದಕ್ಕನನ್ನು ಮುಂದೆ, ಸಿದ್ದಾಪುರದ ಕಮಲತ್ತೆಯ ಪಕ್ಕ ಕೂರಿಸಿದೆ. ಕಮಲತ್ತೆ ಆ ಬಸ್ಸಿನಲ್ಲೆಲ್ಲ ಹಿರಿಯರು, ಅಕ್ಕ ತಂಗಿಯ ತವರಿನ ನೆರೆಯವರು, ಬಾಯಿ ಮುಚ್ಚಿ ಕೂತವರಲ್ಲ. ಹಾವೇರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನನ್ನನ್ನು ಬದಿಗೆ ಕರೆದು ವಿಷಯ ಹೇಳಿದರು. ಮೂರು ವರ್ಷದ ಹಿಂದೆ ಪಂಚಾಯತಿ ಚುನಾವಣೆಗೆ ಶಾರದಕ್ಕ ನಿಂತಿದ್ದರು. ಪಂಚಾಯತಿಗೆ ಪಕ್ಷದ ಚಿಹ್ನೆ ಇಲ್ಲ ಎನ್ನುವುದು ಕಾಗದದ ಮಾತು, ಯಾರು ಯಾವ ಪಕ್ಷದವರು ಎಂದು ಊರಿನ ಬೀದಿನಾಯಿಗೂ ಗೊತ್ತಿರುತ್ತದೆ. ಶಾರದಕ್ಕನ ಮನೆಯವರದು ಒಂದು ಪಕ್ಷ, ಜಯಕ್ಕನ ಮನೆಯವರದು ಇನ್ನೊಂದು. ಆದರೂ ತಂಗಿ ತನಗೇ ಹಾಕುತ್ತಾಳೆ ಎಂದು ಅಕ್ಕನಿಗೆ ಗಟ್ಟಿ ನಂಬಿಕೆ. ಶಾರದಕ್ಕ ಸ್ವಲ್ಪದರಲ್ಲಿ ಸೋತರು. ತಂಗಿ ಹಾಕಲಿಲ್ಲ ಎಂದು ಯಾರೋ ಹೇಳಿದರು. ಅವತ್ತಿನಿಂದ ಮಾತಿಲ್ಲ. ಜಯಕ್ಕನ ಮಗಳ ಮದುವೆಗೂ ಶಾರದಕ್ಕ ಹೋಗಲಿಲ್ಲ.

"ಚಿಕ್ಕಂದಿನಲ್ಲಿ ಒಂದೇ ಬಟ್ಟಲಲ್ಲಿ ಉಂಡ ಹುಡ್ಗೀರು ಅವು" ಎಂದರು ಕಮಲತ್ತೆ. "ಎಲ್ಲ ಆ ಪಕ್ಷದಿಂದ್ಲೇ ಹಾಳಾಗಿದ್ದು."

ಮರುದಿನ ಬೆಳಿಗ್ಗೆ ವಿಧಾನಸೌಧ. ಅಧಿವೇಶನ ನಡೆಯುತ್ತಿತ್ತು. ಕಮಲತ್ತೆ ತಲೆಯೆತ್ತಿ ಕಟ್ಟಡದ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದರು. "ಸರ್ಕಾರದ ಕೆಲಸ ದೇವರ ಕೆಲಸ." ನನ್ನ ಕಡೆ ತಿರುಗಿ, "ಅಂದ್ರೆ ಮಂಜಣ್ಣ, ದೇವರೇ ಬಂದು ಮಾಡಬೇಕು ಅಂತಲಾ?" ಎಂದು ಕೇಳಿದರು. ತಪಾಸಣೆ ಮಾಡುತ್ತಿದ್ದ ಪೊಲೀಸಮ್ಮನೂ ನಕ್ಕರು.

ಗ್ಯಾಲರಿಯಲ್ಲಿ ಬಂದವರನ್ನು ಬಂದ ಸಾಲಿನಲ್ಲೇ ಕೂರಿಸುತ್ತಾರೆ. ಹಿಂದೆ ಮುಂದೆ ಆಗಿ ಅಕ್ಕ ತಂಗಿ ಪಕ್ಕಪಕ್ಕ ಬಂದುಬಿಟ್ಟರು. ಅಲ್ಲಿ ಎದ್ದು ಜಾಗ ಬದಲಿಸುವ ಹಾಗಿಲ್ಲ. ಶಾರದಕ್ಕ ಸೆರಗು ಎಳೆದುಕೊಂಡು ಮೈ ಮುದುಡಿ ಕೂತರು.

ಅವತ್ತು ಚರ್ಚೆ ಕುಡಿಯುವ ನೀರಿನ ಬಗ್ಗೆ. ಎರಡು ಪಕ್ಷದ ಇಬ್ಬರು ಹಿರಿಯ ಮುಖಂಡರು ಎದುರುಬದುರಾಗಿ ನಿಂತಿದ್ದರು. ಹೆಸರು ಬೇಡ, ಇಬ್ಬರೂ ನಮ್ಮ ಜಿಲ್ಲೆಯವರಲ್ಲ. ಒಬ್ಬರ ಫೋಟೋ ಶಾರದಕ್ಕನ ಮನೆಯ ಜಗಲಿಯಲ್ಲಿತ್ತು, ಇನ್ನೊಬ್ಬರದು ಜಯಕ್ಕನ ಮನೆಯ ಜಗಲಿಯಲ್ಲಿ. ಇವರು ಅವರನ್ನು ಸುಳ್ಳುಗಾರ ಎಂದರು. ಅವರು ಇವರನ್ನು ಜನದ್ರೋಹಿ ಎಂದರು. ಒಬ್ಬರು ಮೇಜು ಗುದ್ದಿದರು, ಇನ್ನೊಬ್ಬರು ಕಾಗದ ಹರಿದು ಗಾಳಿಗೆ ಎಸೆದರು. ಹಿಂದಿನ ಸಾಲಿನವರೆಲ್ಲ ಎದ್ದು ಸಭಾಧ್ಯಕ್ಷರ ಪೀಠದ ಮುಂದೆ ನುಗ್ಗಿದರು.

"ಇದಕ್ಕೆ ಸದನದ ಬಾವಿಗೆ ಇಳಿಯೋದು ಅಂತಾರೆ" ಎಂದು ಕಮಲತ್ತೆಯ ಕಿವಿಯಲ್ಲಿ ಪಿಸುಗುಟ್ಟಿದೆ.

ಕಮಲತ್ತೆ ಬಗ್ಗಿ ಬಗ್ಗಿ ನೋಡಿದರು. "ಎಲ್ಲಿ ಬಾವಿ? ನೀರೇ ಕಾಣೂದಿಲ್ಲ."

ಸಭಾಧ್ಯಕ್ಷರು ಸದನವನ್ನು ಮಧ್ಯಾಹ್ನಕ್ಕೆ ಮುಂದೂಡಿದರು. ನಾವು ಕೆಳಗಿಳಿದು ಹೊರಗೆ ಬಂದೆವು. ಕಾರುಗಳು ಬಂದು ನಿಲ್ಲುವ ಕಡೆ ಪೊಲೀಸರು ನಮ್ಮನ್ನು ತಡೆದು ನಿಲ್ಲಿಸಿದರು, ಯಾರೋ ದೊಡ್ಡವರು ಬರುತ್ತಿದ್ದಾರೆ ಎಂದು. ಬಂದವರು ಅದೇ ಇಬ್ಬರು. ಒಬ್ಬರ ಕೈ ಇನ್ನೊಬ್ಬರ ಹೆಗಲ ಮೇಲಿತ್ತು. ಏನೋ ಹಳೆಯ ತಮಾಷೆ ಹೇಳಿಕೊಂಡು ಹೊಟ್ಟೆ ಕುಲುಕಿಸಿ ನಗುತ್ತಿದ್ದರು.

"ನನ್ನ ಗಾಡೀಲೇ ಬಾರಯ್ಯ, ಮುದ್ದೆ ತಣ್ಣಗಾಗ್ತದೆ" ಎಂದರು ಕಾಗದ ಹರಿದವರು.

ಅವರ ಕಣ್ಣು ನಮ್ಮ ಮೇಲೆ ಬಿತ್ತು. ಇಬ್ಬರೂ ಒಟ್ಟಿಗೆ ಕೈ ಮುಗಿದರು. "ಯಾವೂರಮ್ಮಾ?"

"ಶಿರಸಿ ಕಡೆ" ಎಂದರು ಯಾರೋ.

"ಓ, ಅಪ್ಪೆಹುಳಿ ಊರು!"

ನಮ್ಮ ಮಾವಿನಕಾಯಿ ಸಾರಿನ ಹೆಸರು ಕೇಳಿ ಎಲ್ಲರೂ ನಕ್ಕರು. ಶಾರದಕ್ಕ ನಗಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು ಕೇಳಿಯೇಬಿಟ್ಟರು. "ಈಗ ಒಳಗೆ ಅಷ್ಟು ಬೈದಾಡಿದ್ರಲ್ಲ?"

ಕಾಗದ ಹರಿದ ಹಿರಿಯರು ಪ್ರೀತಿಯಿಂದಲೇ ಹೇಳಿದರು. "ಅದು ಒಳಗಡೆ ತಾಯಿ. ಹೊರಗೆ ನಾವಿಬ್ರೂ ಒಂದೇ ಹಾಸ್ಟೆಲಲ್ಲಿ ಓದಿದ ದೋಸ್ತರು." ಇಬ್ಬರೂ ಒಂದೇ ಕಾರು ಹತ್ತಿ ಹೋದರು.

ಕಬ್ಬನ್ ಪಾರ್ಕಿನ ಮರದ ಕೆಳಗೆ ಊಟದ ಪೊಟ್ಟಣ ಹಂಚಿದೆ. ಚಿತ್ರಾನ್ನ, ಮೊಸರನ್ನ. ಶಾರದಕ್ಕ ಪೊಟ್ಟಣ ಬಿಚ್ಚಲಿಲ್ಲ. ಕೈಯಲ್ಲಿ ಹಾಗೇ ಹಿಡಿದುಕೊಂಡು ಎದ್ದು, ದೂರದ ಬೆಂಚಿನಲ್ಲಿ ಒಬ್ಬರೇ ಕೂತಿದ್ದ ತಂಗಿಯ ಮುಂದೆ ಹೋಗಿ ನಿಂತರು. ನಾನು ನೀರಿನ ಬಾಟಲಿ ಹಂಚುತ್ತ ಹತ್ತಿರದಲ್ಲೇ ಇದ್ದೆ. ಭಜನೆ ಹಾಕಿ ಮಾತು ನಿಲ್ಲಿಸಲು ಅದು ಬಸ್ಸಲ್ಲ.

"ಅವಕ್ಕೆ ಅದು ಆಟ" ಎಂದರು ಶಾರದಕ್ಕ. ಅಕ್ಕ ತಂಗಿಯರದು ಹವ್ಯಕ ಮನೆಮಾತು, 'ಎಂಗೆ' ಎಂದರೆ ನನಗೆ, 'ಆನು' ಎಂದರೆ ನಾನು. "ಎಂಗೆ ಅದು ಆಟ ಆಗಿತ್ತಿಲ್ಲೆ. ಹೇಳು ಈಗ. ನೀ ಎಂತಕ್ಕೆ ಎಂಗೆ ಓಟು ಹಾಕಿದ್ದಿಲ್ಲೆ? ಗಂಡ ಬೇಡ ಹೇಳಿದ್ನಾ?"

ಜಯಕ್ಕ ಪೊಟ್ಟಣವನ್ನು ಬೆಂಚಿನ ಮೇಲಿಟ್ಟರು. "ಅವು ಎಂತದೂ ಹೇಳಿದ್ವಿಲ್ಲೆ. ಹಾಕಿದ್ದಿಲ್ಲೆ, ಹೌದು. ಆನೇ ಯೋಚನೆ ಮಾಡಿ ಹಾಕಿದ್ದಿಲ್ಲೆ."

"ಎಂತಕ್ಕೆ?"

"ನೀ ಎಂತ ಹೇಳಿ ಓಟು ಕೇಳಿದ್ದೆ, ನೆನಪಿದ್ದಾ? ನಿಮ್ಮನೆ ಗೇಟಿನವರೆಗೆ ಡಾಂಬರು ರಸ್ತೆ ಮಾಡಿಸ್ತೆ ಹೇಳಿದ್ದೆ. ಗೌರಿ ಕೆಳಗಿನ ಕೇರಿಗೆ ನೀರಿನ ಪೈಪು ತರ್ತೆ ಹೇಳಿತ್ತು. ಬೇಸಿಗೇಲಿ ಆ ಕೇರಿ ಹೆಂಗಸರು ಕೊಡ ಹೊತ್ಕಂಡು ಎಂಗಳ ಬಾವಿಗೆ ಬಪ್ದನ್ನ ಆನು ದಿನಾ ನೋಡ್ತೆ. ಗೌರಿಗೆ ಹಾಕಿದೆ."

ಗೌರಿ ಎನ್ನುವವರು ಶಾರದಕ್ಕನ ಎದುರು ನಿಂತು ಗೆದ್ದವರು ಎಂದು ನನಗೆ ಆಮೇಲೆ ಗೊತ್ತಾಯಿತು.

"ಆನು ನಿನ್ನ ಅಕ್ಕ" ಎಂದರು ಶಾರದಕ್ಕ.

"ಅಕ್ಕ ಹೇಳಿ ಕೊಡುಲೆ ಓಟು ಅರಿಶಿನ ಕುಂಕುಮ ಅಲ್ಲ."

"ಅದನ್ನ ಆವಾಗ್ಲೇ ಹೇಳುಲಾಗಿತ್ತು."

"ಹೇಳಿದ್ರೆ ನೀ ಕೇಳ್ತಿದ್ಯಾ?"

ಶಾರದಕ್ಕ ತಿರುಗಿ ಬಂದು ಕಮಲತ್ತೆಯ ಪಕ್ಕ ಕೂತರು. ಕಣ್ಣು ಕೆಂಪಾಗಿತ್ತು. ಅವತ್ತಿಡೀ ಲಾಲ್‌ಬಾಗಿನಲ್ಲಿ ಒಂದು ಗಿಡವನ್ನೂ ನೋಡಲಿಲ್ಲ. ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದರೆ ಸರಿಹೋಗುತ್ತದೆ ಎನ್ನುತ್ತಾರೆ. ಇಲ್ಲಿ ಇನ್ನೂ ಕೆಟ್ಟಿತು ಎಂದೇ ನಾನು ತಿಳಿದೆ. ಮಾಮ ಹೇಳಿದ್ದು ಸರಿ, ದೇವಸ್ಥಾನ ತೋರಿಸಿದ್ದರೆ ಸಾಕಿತ್ತು ಅನಿಸಿತು.

ಕೊನೆಯ ದಿನ ಎಲ್ಲರಿಗೂ ಮೆಟ್ರೊ ಹತ್ತುವ ಆಸೆ. ಕೆಲವು ನಿಲ್ದಾಣ ಹೋಗಿ ವಾಪಸು ಬರುವುದು ಎಂದು ಹೊರಟೆವು. ನೂಕುನುಗ್ಗಲಿನಲ್ಲಿ ಕಳೆಯಬಾರದು ಎಂದು ಬಿಡಿಸಿದ್ದ ಫೋನು ಚೀಲಗಳನ್ನು ಬಸ್ಸಿನಲ್ಲಿ ಖಾದರ್‌ಭಾಯಿ ಕಾಯುತ್ತಿದ್ದರು. ರೈಲು ಬಂತು, ಬಾಗಿಲು ತೆರೆಯಿತು. ಎಲ್ಲರೂ ನುಗ್ಗಿದರು. ಕಮಲತ್ತೆ ಮಾತ್ರ ರೈಲಿಗೂ ಕಟ್ಟೆಗೂ ನಡುವಿನ ಸಣ್ಣ ಸಂದಿ ನೋಡಿ ಹೆದರಿ ನಿಂತರು. ನಾನು ಒಳಗಿನಿಂದ ಅವರ ಕೈ ಹಿಡಿದೆ. ಅವರ ಹಿಂದೆ ಉಳಿದಿದ್ದ ಜಯಕ್ಕ ಸೊಂಟ ಹಿಡಿದು ಮೆಲ್ಲಗೆ ಒಳಗೆ ದಾಟಿಸಿದರು. ಅಷ್ಟರಲ್ಲಿ ಗಂಟೆ ಬಾರಿಸಿ ಬಾಗಿಲು ಮುಚ್ಚಿತು. ಕಮಲತ್ತೆ ಒಳಗೆ, ಜಯಕ್ಕ ಹೊರಗೆ.

"ಜಯಾ!"

ರೈಲಿನ ಮಂದಿಯೆಲ್ಲ ತಿರುಗಿ ನೋಡುವ ಹಾಗೆ ಕೂಗಿದ್ದು ಶಾರದಕ್ಕ. ಗಾಜಿಗೆ ಎರಡೂ ಅಂಗೈ ಒತ್ತಿ ನಿಂತಿದ್ದರು. ಹೊರಗೆ ಜಯಕ್ಕ ಬಾಗಿಲಿನ ಜೊತೆ ನಾಲ್ಕು ಹೆಜ್ಜೆ ನಡೆದು, ರೈಲು ವೇಗ ಹಿಡಿದಾಗ ನಿಂತರು. ಕೈಯಲ್ಲಿ ಫೋನಿಲ್ಲ, ಊರಿನ ಪರಿಚಯವಿಲ್ಲ, ಸುತ್ತ ಮುಖವೆತ್ತಿ ನೋಡದೆ ಓಡುವ ಜನ.

"ಮಂಜಣ್ಣ, ರೈಲು ನಿಲ್ಸಿ! ಹೇಳಿ ಅವಕ್ಕೆ!"

ರೈಲು ನಮ್ಮ ಬಸ್ಸಲ್ಲ, ಕೇಳಿದ ಕಡೆ ನಿಲ್ಲುವುದಿಲ್ಲ ಎಂದೆ. ಮುಂದಿನ ನಿಲ್ದಾಣದಲ್ಲಿ ಇಳಿದು ನಾನು ಹೋಗಿ ಕರೆತರುತ್ತೇನೆ, ಉಳಿದವರು ಅಲ್ಲೇ ಕೂತಿರಿ ಎಂದೆ. ಶಾರದಕ್ಕ ನನ್ನ ಮಾತನ್ನು ಪೂರ್ತಿ ಕೇಳಲೇ ಇಲ್ಲ. ಬಾಗಿಲು ತೆರೆದದ್ದೇ ತಡ, ನನ್ನನ್ನು ಬಿಟ್ಟು ಎದುರಿನ ಕಟ್ಟೆಯ ದಾರಿ ಹುಡುಕುತ್ತ ನಡೆದರು. ಸ್ವಲ್ಪ ಹೊತ್ತಿನ ಮುಂಚೆ ಚಲಿಸುವ ಮೆಟ್ಟಿಲಿನ ಮೇಲೆ ಕಾಲಿಡಲು ಹೆದರಿ ಪಕ್ಕದ ಮೆಟ್ಟಿಲು ಹತ್ತಿದ್ದವರು ಅವರೇ. ಈಗ ಕಂಬಿ ಹಿಡಿಯದೆ ಹತ್ತಿದರು. ನಾನು ಹಿಂದೆ ಓಡಿದೆ. ವಾಪಸು ರೈಲಿನಲ್ಲಿ ಅವರು ಬಾಗಿಲ ಬಳಿಯೇ ನಿಂತಿದ್ದರು.

ಜಯಕ್ಕ ಉಳಿದುಹೋದ ಜಾಗದಲ್ಲೇ, ಗೋಡೆ ಬದಿಯ ಬೆಂಚಿನಲ್ಲಿ, ಕೈ ಕಟ್ಟಿ ಕೂತಿದ್ದರು. ಕಾವಲಿನ ಹುಡುಗಿಯೊಬ್ಬಳು ನೀರು ಕೊಟ್ಟಿದ್ದಳು. ಅಕ್ಕನನ್ನು ಕಂಡು ಎದ್ದರು.

"ನೀ ಬತ್ತೆ ಹೇಳಿ ಗೊತ್ತಿತ್ತು" ಎಂದರು.

"ಮಂಜಣ್ಣಂಗೆ ದಾರಿ ತಪ್ಪುಗು ಹೇಳಿ ಬಂದೆ" ಎಂದರು ಶಾರದಕ್ಕ. ಆಮೇಲೆ ಜೋರಾಗಿ ಬೈಯಲು ಶುರು ಮಾಡಿದರು. ನಿನಗೆ ಊರ ಉಸಾಬರಿ ಎಂತಕ್ಕೆ, ಕಮಲತ್ತೆಯನ್ನು ಮಂಜಣ್ಣ ನೋಡಿಕೊಳ್ಳುತ್ತಿದ್ದ, ಮೊದಲು ನೀನು ಹತ್ತಬೇಕಿತ್ತು, ಚಿಕ್ಕಂದಿನಿಂದಲೂ ನಿನ್ನದು ಹೀಗೇ. ಬೈಯುತ್ತ ಬೈಯುತ್ತ ತಂಗಿಯ ಮಣಿಕಟ್ಟು ಹಿಡಿದವರು ಬಸ್ಸಿನವರೆಗೂ ಬಿಡಲಿಲ್ಲ. ಜಯಕ್ಕ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಆ ಮೂರು ದಿನಗಳಲ್ಲಿ ಕಂಡಿರಲಿಲ್ಲ.

ವಾಪಸು ಬರುವಾಗ ಇಬ್ಬರೂ ನಾನು ಮೊದಲು ಕೊಟ್ಟ ಸೀಟಿನಲ್ಲೇ ಕೂತರು. ತುಮಕೂರು ದಾಟಿದ ಮೇಲೆ ಹಿಂದಿನಿಂದ ಶಾರದಕ್ಕನ ಧ್ವನಿ ಕೇಳಿಸಿತು: "ಆ ಪೈಪು ಬಂತಾ ಕೇರಿಗೆ?" ಜಯಕ್ಕ, "ಎಲ್ಲಿ ಬಂತು? ಅರ್ಜಿ ಕಾರವಾರದಲ್ಲೇ ಕೂತಿದ್ದಡ" ಎಂದರು. "ಗೌರಿ ಒಬ್ಬಳೇ ಓಡಾಡಿರೆ ಹಾಂಗೇ ಆಗ್ತು" ಎಂದರು ಶಾರದಕ್ಕ. ಆಮೇಲಿನ ಮಾತು ನನಗೆ ಕೇಳಿಸಲಿಲ್ಲ. ಆ ದಾರಿಯಲ್ಲಿ ನಾನು ಭಜನೆ ಹಾಕಲಿಲ್ಲ.

ಕಚೇರಿಗೆ ಬಂದು ಮಾಮನಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, "ಒಬ್ಬರನ್ನ ಮೆಟ್ರೊದಲ್ಲಿ ಬಿಟ್ಟಿದ್ದಿ, ಅದನ್ನ ಹೊಗಳ್ಕೊಂಡು ಹೇಳ್ತಿದ್ದಿಯಲ್ಲ" ಎಂದರು. ಆದರೆ ಮುಂದಿನ ಅಧಿವೇಶನದ ತಾರೀಕು ಯಾವಾಗ ಎಂದು ಅವರೇ ಕೇಳಿದರು. ಬೋರ್ಡಿನಲ್ಲಿ 'ಸದನ ದರ್ಶನ ಸಹಿತ' ಎಂದು ಬರೆಸಿದರು.

ರಾಜಕಾರಣಿಗಳು ಒಳಗೆ ಜಗಳವಾಡಿ ಹೊರಗೆ ಒಟ್ಟಿಗೆ ಉಣ್ಣುತ್ತಾರೆ, ಎಲ್ಲ ನಾಟಕ ಎಂದು ಸಿಟ್ಟಾಗುವವರನ್ನು ಬಹಳ ನೋಡಿದ್ದೇನೆ. ನನಗೆ ಹಾಗೆ ಅನಿಸುವುದಿಲ್ಲ. ಜಗಳವಾಡಿದ ಮೇಲೂ ಒಟ್ಟಿಗೆ ಉಣ್ಣಬೇಕು, ಅದೇ ಸರಿಯಾದ ರಾಜಕೀಯ. ತಪ್ಪು ಇರುವುದು ಬೇರೆ ಕಡೆ. ಆ ಊಟದ ಸುದ್ದಿಯನ್ನು ಅವರು ನಮ್ಮ ಊರಿಗೆ ಬಂದಾಗ ಹೇಳುವುದಿಲ್ಲ. ವೇದಿಕೆಯ ಮೇಲೆ ಬೈಗುಳವನ್ನು ಮಾತ್ರ ಬಿತ್ತಿ ಹೋಗುತ್ತಾರೆ, ಬೆಳೆ ನಮ್ಮ ಜಗಲಿಗಳಲ್ಲಿ ಬರುತ್ತದೆ. ಅದಕ್ಕೇ ಜನ ತಾವೇ ಹೋಗಿ ಕಣ್ಣಾರೆ ನೋಡಬೇಕು. ಈಗ ರಜೆಯ ದಿನಗಳಲ್ಲೂ ವಿಧಾನಸೌಧದೊಳಗೆ ಕರೆದುಕೊಂಡು ಹೋಗಿ ತೋರಿಸುವ ವ್ಯವಸ್ಥೆ ಬಂದಿದೆ ಎಂದು ಕೇಳಿದ್ದೇನೆ. ಒಳ್ಳೆಯದೇ. ಆದರೂ ನನ್ನ ಮಾತು ಬದಲಾಗುವುದಿಲ್ಲ. ಖಾಲಿ ಕುರ್ಚಿ ನೋಡಿ ಬರಬೇಡಿ.

ಶಾರದಕ್ಕ ಮಾರನೇ ವಾರವೇ ಗೌರಿಯ ಮನೆಗೆ ಹೋದರಂತೆ. ಇಬ್ಬರೂ, ಜೊತೆಗೆ ಜಯಕ್ಕ, ಕಾರವಾರದ ಬಸ್ಸು ಹತ್ತಿ ಹೋಗಿ ಬಂದರಂತೆ. ಒಂದಲ್ಲ, ಹಲವು ಸಲ. ನೀರು ಬರಲು ಇನ್ನೂ ಎರಡು ಬೇಸಿಗೆ ಹಿಡಿಯಿತು, ಆದರೆ ಬಂತು. ಮುಂದಿನ ಚುನಾವಣೆಯಲ್ಲಿ ಗೌರಿ ನಿಲ್ಲಲಿಲ್ಲ. ಶಾರದಕ್ಕ ನಿಂತರು, ಗೆದ್ದರು.

ನಾನು ನಿವೃತ್ತನಾದ ಮೇಲೆ ಒಂದು ದಿನ ಶಿರಸಿಯ ಬಸ್ ನಿಲ್ದಾಣದಲ್ಲಿ ಜಯಕ್ಕ ಸಿಕ್ಕರು. ಕೈಯಲ್ಲಿ ಮೊಮ್ಮಗುವಿಗೆ ಕೊಂಡ ಬಟ್ಟೆಯ ಚೀಲ. ಅಕ್ಕನ ಸುದ್ದಿ, ಮಗಳ ಸುದ್ದಿ ಎಲ್ಲ ಹೇಳಿದರು. ಸಲುಗೆಯಿಂದ ಕೇಳಿದೆ. "ಅಂತೂ ಈ ಸಲ ಅಕ್ಕನಿಗೇ ಹಾಕಿದ್ರಿ, ಅಲ್ವಾ ಜಯಕ್ಕ?"

ಅವರು ನಕ್ಕು, ಹೊರಟಿದ್ದ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು.

"ಅಕ್ಕನೇ ಕೇಳಿದ್ದಿಲ್ಲೆ ಮಂಜಣ್ಣ. ನೀವು ಎಂತಕ್ಕೆ ಕೇಳ್ತ್ರಿ?"